ಅಳತೆಯ ಶಿಸ್ತು ಕಲಿಸಿದ ಅನ್ನಾ ಮಣಿ

ಆಳಂದ ತಾಲ್ಲೂಕಿನ ನರೋಣಾ ಸುತ್ತಲಿನ ತೊಗರಿ ಬೆಳೆಗಾರರಿಗೆ ಜೂನ್ ತಿಂಗಳ ಪ್ರತಿ ಮಿಲಿಮೀಟರ್ ಮಳೆಯೂ ಅಮೂಲ್ಯ. ಮಳೆ ಕೈಕೊಟ್ಟು ಬರ ಘೋಷಣೆಯ ಪ್ರಶ್ನೆ ಬಂದಾಗಲೂ ಸರ್ಕಾರ ಮೊದಲು ನೋಡುವುದು ಮಳೆಯ ಅಂಕಿ-ಅಂಶಗಳನ್ನೇ. ಸೇವೆಯಲ್ಲಿದ್ದಾಗ ಒಂದು ಕಚೇರಿಯ ಆವರಣದಲ್ಲಿ ಬೇವಿನ ಮರದ ಕೆಳಗೆ ನೆಟ್ಟ ಮಳೆಮಾಪಕವನ್ನು ಕಂಡಿದ್ದೆ. ಎಲೆಗಳು ತಡೆದು ಉಳಿದ ಮಳೆಯನ್ನಷ್ಟೇ ಅದು ಅಳೆಯುತ್ತಿತ್ತು. ಆ ಅಂಕಿಗಳಿದ್ದ ಕಡತಕ್ಕೆ ನಾನೂ ಸಹಿ ಹಾಕಿದ್ದೆ. ಅನ್ನಾ ಮಣಿ ಅವರ ಜೀವನವನ್ನು ಓದಿದ ಮೇಲೆ ಆ ಸಹಿ ನನ್ನನ್ನು ಕಾಡತೊಡಗಿತು.

ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಜನಿಸಿದ ಅವರು ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆಯ ಬದಲು ವಿಶ್ವಕೋಶವನ್ನು ಬೇಡಿದರಂತೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಆನರ್ಸ್ ಪದವಿ ಪಡೆದು, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಹಗಲಿರುಳು ಅಭ್ಯಸಿಸಿ 1945ರಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಲಿಲ್ಲ.

ಅದೇ ವರ್ಷ ಲಂಡನ್ನಿಗೆ ತೆರಳಿದರು. ಭೌತಶಾಸ್ತ್ರ ಓದುವ ಆಸೆಯಿದ್ದರೂ ದೊರೆತದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕೆ ವಿದ್ಯಾರ್ಥಿವೇತನ. 1948ರಲ್ಲಿ ಮರಳಿ, ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ, ಅಲ್ಲಿಯವರೆಗೆ ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯಕ್ಕೆ ಕೈಹಾಕಿದರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂಬುದು ಅವರ ನಿಲುವಾಗಿತ್ತು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಬಳಿಕ ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವನ್ನೂ ನಡೆಸಿದರು. 2001ರಲ್ಲಿ ನಿಧನರಾದರು.

ಕಿರಿಯ ವಯಸ್ಸಿನಲ್ಲಿ ಪ್ರಯೋಗಾಲಯದ ಬಾಗಿಲು ತೆರೆದದ್ದರಿಂದಲೇ ಈ ಬದುಕು ಸಾಧ್ಯವಾಯಿತು. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡಗೂಡಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿರುವುದೂ ಇದೇ ಉದ್ದೇಶದಿಂದ. ಆದರೆ ದೂರದ ಪ್ರಯೋಗಾಲಯಗಳಿಗೆ ಹೋಗಿ ತಂಗುವುದು ನಮ್ಮ ಹಳ್ಳಿಗಳ ಎಲ್ಲ ಮಕ್ಕಳಿಗೂ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸುಲಭವಲ್ಲ.

ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬೇಸಿಗೆ ರಜೆಯಲ್ಲಿ ಸುತ್ತಲಿನ ಪದವಿ ಕಾಲೇಜುಗಳ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದು, ಒಂದು ತಿಂಗಳು ನರೋಣಾದಂತಹ ಹೋಬಳಿಗಳ ಮಳೆಮಾಪಕಗಳನ್ನು ಪರಿಶೀಲಿಸಲು ಹಚ್ಚಬಹುದು. ಮಾಪಕದ ಸಮೀಪ ಮರ ಅಥವಾ ಗೋಡೆ ಇದೆಯೇ, ಅದು ಸಮತಟ್ಟಾಗಿ ನಿಂತಿದೆಯೇ, ಕೈಯಳತೆಗೂ ಸ್ವಯಂಚಾಲಿತ ಯಂತ್ರದ ಅಂಕಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದೂ ಸಂಶೋಧನೆಯೇ. ಇದಕ್ಕೆ ಬೇಕಾಗುವ ಹಣ ಒಂದು ಬರ ವರ್ಷದ ನಷ್ಟದೆದುರು ತೀರ ಅಲ್ಪ. ಆಯ್ಕೆ ಮಾಡುವಾಗ ಮಾತ್ರ ಅಂಕಪಟ್ಟಿಗಿಂತ ಆಸಕ್ತಿಯನ್ನು ನೋಡಬೇಕು. ಅರ್ಹತೆಯ ಒಂದು ಕಾಗದ ಇಲ್ಲವೆಂದು ಅನ್ನಾ ಮಣಿ ಅವರಿಗೆ ಆದದ್ದು ಇಲ್ಲಿನ ಮಕ್ಕಳಿಗೆ ಆಗದಿರಲಿ.