ಸುಂಕದ ಅಧಿಕಾರಿ ಐಟ್ಕನ್

ಮಾಲೂರು, ಶ್ರೀನಿವಾಸಪುರಗಳ ಕಡೆಯ ಒಕ್ಕಲಿನ ಮನೆಯಲ್ಲಿ ರೇಷ್ಮೆಯ ಹುಳು ಜ್ವರಕ್ಕೆ ಕುಳಿತಿದೆಯೆಂದರೆ ಮನೆಮಂದಿಯೆಲ್ಲ ಮೆಲ್ಲನೆ ಓಡಾಡುವರು. ಅದು ಎಷ್ಟು ಹೊತ್ತು ಸೊಪ್ಪು ಮುಟ್ಟದೆ ಇರುವುದು, ಯಾವಾಗ ಪೊರೆ ಕಳಚುವುದು, ಯಾವ ದಿನ ಹಣ್ಣಾಗಿ ಚಂದ್ರಿಕೆಗೆ ಏರುವುದು ಎಂಬುದನ್ನು ಅಕ್ಷರವರಿಯದ ಗೃಹಿಣಿಯೂ ಚೆನ್ನಾಗಿ ಬಲ್ಲಳು. ಆದರೆ ಅದೇ ಮನೆಯ ಹಿತ್ತಿಲಿನ ನಿಂಬೆಯ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮತ್ತೊಂದು ಹುಳು ಎಲೆ ಮೇಯುತ್ತಿದ್ದರೆ, ಅದು ಮುಂದೆ ಏನಾದೀತೆಂದು ವಿಚಾರಿಸುವವರಿಲ್ಲ. ಅದು ಎಷ್ಟು ಚೆಲುವಾದ ಚಿಟ್ಟೆಯಾಗಿ ಹಾರಿಹೋದರೂ ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲವಷ್ಟೆ! ಗೂಡಿನ ಧಾರಣೆಯನ್ನು ತಪ್ಪದೆ ಅಚ್ಚುಮಾಡುವ ನಾವೂ ನಿಂಬೆಯ ಗಿಡದ ಹುಳುವನ್ನು ಕುರಿತು ಈವರೆಗೆ ಒಂದು ಪಂಕ್ತಿಯನ್ನೂ ಬರೆದವರಲ್ಲ. ಆ ಲೋಪವನ್ನು ಇಂದು ಸ್ವಲ್ಪಮಟ್ಟಿಗಾದರೂ ತುಂಬಬೇಕೆಂದು, ಕನ್ನಡನಾಡಿನ ಕಡಲತೀರದಲ್ಲಿ ಸರ್ಕಾರಿ ಕೆಲಸ ಮಾಡುತ್ತಲೇ ಇಂತಹ ಹುಳುಗಳ ಚರಿತ್ರೆಯನ್ನು ಬರೆದ ಒಬ್ಬ ಪರದೇಶೀಯ ಮಹಾಶಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆಂಗ್ಲರ ದೇಶದಲ್ಲಿ ಇದೊಂದು ವ್ಯಸನವೇ ಆಗಿತ್ತು. ಪಾದ್ರಿಗಳು, ವೈದ್ಯರು, ವರ್ತಕರು, ಉಪಾಧ್ಯಾಯರು ಬಿಡುವು ದೊರೆತಾಗಲೆಲ್ಲ ಬಲೆಯನ್ನೂ ಭೂತಗನ್ನಡಿಯನ್ನೂ ಹಿಡಿದು ಬೇಲಿಗಳನ್ನೂ ಕೊಳಗಳನ್ನೂ ಶೋಧಿಸುತ್ತಿದ್ದರು. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಹಕ್ಕಿ ಹುಳುಗಳನ್ನು ಕುರಿತು 1789ರಲ್ಲಿ ಪ್ರಕಟಿಸಿದ ಗ್ರಂಥವು ಅವರಿಗೆಲ್ಲ ನಿತ್ಯಪಾರಾಯಣದ ಪುಸ್ತಕವಾಗಿತ್ತು. ಈ ಹವ್ಯಾಸವು ಅಧಿಕಾರಿಗಳೊಡನೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು.

ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ನರು ಮಾತ್ರ ಹಡಗಿನಲ್ಲಿ ಬಂದವರಲ್ಲ. ಅವರು ಹುಟ್ಟಿದುದು 1851ನೆಯ ಇಸವಿ ಆಗಸ್ಟ್ 16ರಂದು, ಸಾತಾರದಲ್ಲಿ. ತಂದೆ ಸ್ಕಾಟ್ಲೆಂಡಿನ ಫ್ರೀ ಚರ್ಚಿಗೆ ಸೇರಿದ ಮಿಷನರಿ. ಮೊದಲ ವಿದ್ಯೆಯನ್ನು ತಂದೆಯೇ ಮನೆಯಲ್ಲಿ ಕಲಿಸಿದರು. ಮುಂದಿನ ವ್ಯಾಸಂಗ ಮುಂಬಯಿ, ಪುಣೆಗಳಲ್ಲಿ ನಡೆಯಿತು. ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1870ರಿಂದ 1876ರವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಭಾಷೆಯನ್ನು ಬೋಧಿಸಿದರು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. 1876ರ ಏಪ್ರಿಲ್‌ನಲ್ಲಿ ಪಾಠವನ್ನು ಬಿಟ್ಟು ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು.

ಆ ಇಲಾಖೆಯ ಕೆಲಸವೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಸಮುದ್ರವು ಪುಕ್ಕಟೆಯಾಗಿ ಕೊಟ್ಟುದನ್ನು ಪ್ರಜೆಯು ಪುಕ್ಕಟೆಯಾಗಿ ಎತ್ತಿಕೊಳ್ಳದಂತೆ ಕಾಯುವುದೇ ಅದರ ಮುಖ್ಯ ಕಾರ್ಯ. ಐಟ್ಕನ್ನರನ್ನು ಕಳುಹಿಸಿದ ಸ್ಥಳಗಳಲ್ಲಿ ಗುಜರಾತಿನ ಖಾರಾಘೋಡಾ ಒಂದು. ಕಛ್ಛದ ರಣದ ಅಂಚಿನಲ್ಲಿ, ಉಪ್ಪಿನ ರಾಶಿಗಳ ನಡುವೆ, ಧೂಳಿನ ಹೊರತು ಬೇರೇನೂ ಇಲ್ಲದಂತೆ ತೋರುವ ಊರು. ಮತ್ತೊಬ್ಬರಾಗಿದ್ದರೆ ವರ್ಗಾವಣೆಗಾಗಿ ಅರ್ಜಿಗಳನ್ನು ಬರೆಯುತ್ತ ಕುಳಿತಿರುತ್ತಿದ್ದರು. ಇವರು ತಮ್ಮ ಬಂಗಲೆಯಲ್ಲಿ ಬಾಡಿಗೆ ಕೊಡದೆ ವಾಸಿಸುತ್ತಿದ್ದ ಇಲಿ, ಹಲ್ಲಿ, ಇರುವೆ, ಸೊಳ್ಳೆ, ಕಾಗೆ, ಕಪ್ಪೆಗಳನ್ನು ನೋಡತೊಡಗಿದರು. ಆಗ ಸರ್ಕಾರದವರು ವಾಯವ್ಯದ ಗಡಿನಾಡಿನ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೋಗುತ್ತಿದ್ದ ಕಾಲ. ತಮ್ಮ ಗಡಿಯ ಬುಡಕಟ್ಟುಗಳು ಇವೇ ಎಂಬ ವಿನೋದದಿಂದ ಐಟ್ಕನ್ನರು ಪುಸ್ತಕಕ್ಕೆ ‘ದಿ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಎಂದು ಹೆಸರಿಟ್ಟರು. ಅದು ಹೊರಬಂದುದು 1883ರಲ್ಲಿ. ಕರ್ತೃವಿನ ಹೆಸರಾಗಿ ಇದ್ದುದು ಇ, ಎಚ್, ಎ ಎಂಬ ಮೂರು ಅಕ್ಷರಗಳು. ಅವುಗಳನ್ನು ಕೂಡಿಸಿ ಓದಿದರೆ ‘ಈಹಾ’ ಎಂದಾಗುವುದು. ಪಾಠಶಾಲೆಯಲ್ಲಿ ಅಮರಕೋಶವನ್ನು ಉರು ಹೊಡೆದ ನಮಗೆ ಆ ಪದವು ಇಚ್ಛೆಯ ಪರ್ಯಾಯಪದಗಳ ಸಾಲಿನಲ್ಲಿ ಬರುವುದು ನೆನಪಾಗದೆ ಹೋಗಲಿಲ್ಲ. ಅವರಿಗೆ ಅದು ತಿಳಿದಿತ್ತೆಂದು ನಾವು ಹೇಳುತ್ತಿಲ್ಲ.

ಅದೇ 1883ರ ಸೆಪ್ಟೆಂಬರ್ 15ರಂದು ಮುಂಬಯಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಎಂಟು ಮಂದಿ ಕಲೆತು ಪ್ರಾಣಿ ಸಸ್ಯಗಳ ವಿಚಾರ ವಿನಿಮಯಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ಪ್ರಖ್ಯಾತ ಸಂಸ್ಥೆಯ ಹುಟ್ಟು ಇದೇ. ಐಟ್ಕನ್ನರು ಅದರ ಮೊದಲ ಗೌರವ ಕಾರ್ಯದರ್ಶಿಗಳು. 1886ರಲ್ಲಿ ಆರಂಭವಾದ ಅದರ ಪತ್ರಿಕೆಗೆ ಸ್ಟರ್ನ್‌ಡೇಲ್ ಎಂಬುವರೊಡನೆ ಸಂಪಾದಕರು. ಆ ಎಂಟು ಮಂದಿಯಲ್ಲಿ ಇಬ್ಬರು ಭಾರತೀಯರಿದ್ದರೆಂಬುದನ್ನು ನಮ್ಮವರು ಮರೆತಿದ್ದಾರೆ. ಒಬ್ಬರು ಪ್ರಾರ್ಥನಾ ಸಮಾಜದ ಸ್ಥಾಪಕರಾದ ವೈದ್ಯ ಆತ್ಮಾರಾಮ ಪಾಂಡುರಂಗರು. ಇನ್ನೊಬ್ಬರು ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆದ ಸಖಾರಾಮ ಅರ್ಜುನರು. ಬಾಲ್ಯವಿವಾಹದ ಬಂಧನವನ್ನು ನ್ಯಾಯಾಲಯದಲ್ಲಿ ಎದುರಿಸಿದ ರಖ್ಮಾಬಾಯಿಯವರ ಮಲತಂದೆ. ಸಖಾರಾಮರು 1885ರಲ್ಲಿಯೇ ತೀರಿಕೊಂಡರು. ಆ ಸಂಸ್ಥೆಯು ಆಳುವವರ ವಿನೋದಕೂಟವಾಗಿ ಮಾತ್ರ ಹುಟ್ಟಿತೆಂದು ಹೇಳುವವರು ಈ ಎರಡು ಹೆಸರುಗಳನ್ನು ಗಮನಿಸಬೇಕು. ಮೈಸೂರು ಸಂಸ್ಥಾನದ ಪಕ್ಷಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದ ಸಲೀಂ ಅಲಿಯವರು ಬೆಳೆದುದೂ ಇದರ ನೆರಳಿನಲ್ಲಿಯೇ. ಸಂಸ್ಥೆಯ ಲಾಂಛನವಾದ ಮಂಗಟ್ಟೆ ಹಕ್ಕಿಯು 1894ರಲ್ಲಿ ಕಾರವಾರದಿಂದ ಮರಿಯಾಗಿ ಹೋಗಿ, 1920ರವರೆಗೆ ಮುಂಬಯಿಯ ಅದರ ಕಚೇರಿಯಲ್ಲಿ ಬಾಳಿದ ಕನ್ನಡ ಕಾಡಿನ ಹಕ್ಕಿ.

ಕಾರವಾರವೇ ಐಟ್ಕನ್ನರ ಜೀವಿತದಲ್ಲಿಯೂ ಫಲವತ್ತಾದ ಕಾಲವನ್ನು ಕೊಟ್ಟಿತು. 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಲ್ಪಟ್ಟ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಗೋವೆಯ ಗಡಿಯಲ್ಲಿಯೂ ಅವರು ಸುಂಕದ ಚೌಕಿಗಳನ್ನು ತನಿಖೆ ಮಾಡುತ್ತ ಸಂಚರಿಸಿದರು. ನಮ್ಮ ಬಯಲುಸೀಮೆಯವರಿಗೆ ಆ ಕಾಡಿನ ಕಲ್ಪನೆ ಬರುವುದು ಕಷ್ಟ. ಅಂತರಗಂಗೆಯ ಬೆಟ್ಟದಲ್ಲಿ ಒಳ್ಳೆಯ ಮಳೆಯಾದ ವರ್ಷ ಕಾಣುವ ಹಸುರು ಅಲ್ಲಿ ನಿತ್ಯದ ಹಸುರು. ಅಲ್ಲಿಯ ಅನುಭವದಿಂದ ಬಂದುದು 1894ರ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಎಂಬ ಪುಸ್ತಕ. ಅದಕ್ಕಿಂತಲೂ ಘನವಾದುದು ಸಿವಿಲ್ ಸರ್ವಿಸಿನ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್ ಎಂಬಿಬ್ಬರೊಡನೆ ಕೂಡಿ ನಡೆಸಿದ ಚಿಟ್ಟೆಗಳ ಸಂಶೋಧನೆ. ಹಾರುವ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದು ಅನೇಕರು ಮಾಡಿದ ಕೆಲಸ. ಈ ಮೂವರು ಹುಳುಗಳನ್ನು ಹುಡುಕಿ ತಂದು, ಯಾವ ಹುಳು ಯಾವ ಗಿಡದ ಎಲೆಯನ್ನು ತಿನ್ನುವುದೆಂದು ಕಂಡುಹಿಡಿದು, ಅದೇ ಎಲೆಯನ್ನು ಒದಗಿಸಿ ಮನೆಯಲ್ಲಿ ಸಾಕಿ, ಪೊರೆ ಬಿಡುವುದನ್ನೂ ಕೋಶವಾಗುವುದನ್ನೂ ಕಾದು ನೋಡಿ ಬರೆದಿಟ್ಟರು. ನೀಲಿ ಚಿಟ್ಟೆಗಳ ಕುಲದ ಕೆಲವು ಹುಳುಗಳು ಮೈಯಿಂದ ಸಿಹಿರಸವನ್ನು ಒಸರುವುವು. ಅದರ ಆಸೆಗೆ ಇರುವೆಗಳು ದನ ಕಾಯುವವರಂತೆ ಅವುಗಳನ್ನು ಕಾಯುವುವು. ಇಂತಹ ವಿಷಯಗಳು ಸತ್ತ ಚಿಟ್ಟೆಯ ರೆಕ್ಕೆಯಿಂದ ತಿಳಿಯತಕ್ಕವುಗಳಲ್ಲ. ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತ ಅವರ ಲೇಖನಮಾಲೆಯು 1896ರಿಂದ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ರೇಷ್ಮೆಯ ಮನೆಯ ಗೃಹಿಣಿಯು ಒಂದು ಜಾತಿಗೆ ಮಾಡುವ ಆರೈಕೆಯನ್ನು ಇವರು ಲಾಭದ ಆಸೆಯಿಲ್ಲದೆ ಹತ್ತಾರು ಜಾತಿಗಳಿಗೆ ಮಾಡಿದರು.

ಇಷ್ಟನ್ನು ಮನಃಪೂರ್ವಕವಾಗಿ ಹೊಗಳಿದ ಮೇಲೆ ನಮಗೆ ಅಪ್ರಿಯವಾದುದನ್ನೂ ಹೇಳುವ ಹಕ್ಕುಂಟು. 1889ರಲ್ಲಿ ಅವರ ‘ಬಿಹೈಂಡ್ ದಿ ಬಂಗಲೋ’ ಎಂಬ ಪುಸ್ತಕ ಬಂದಿತು. ಮೊದಲು ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಪ್ರಕಟವಾದ ಬರಹಗಳವು. ಅದರಲ್ಲಿ ಬಂಗಲೆಯ ಅಡಿಗೆಯವ, ಕುದುರೆಯಾಳು, ಅಗಸ, ದರ್ಜಿ, ಆಯಾ ಇವರೆಲ್ಲರ ಚಿತ್ರಗಳಿವೆ. ಬರವಣಿಗೆ ಚತುರವಾದುದು, ದುಷ್ಟಬುದ್ಧಿ ಅದರಲ್ಲಿಲ್ಲ, ಓದುವಾಗ ನಾವೂ ನಕ್ಕೆವು, ನಕ್ಕುದಕ್ಕೆ ಆಮೇಲೆ ನಾಚಿದೆವು. ಇರುವೆಯ ಗೂಡಿನ ಮುಂದೆ ಗಂಟೆಗಟ್ಟಲೆ ಕುಳಿತು ಅದು ಹೀಗೇಕೆ ಮಾಡುತ್ತದೆಂದು ಕೇಳಿದ ಮಹಾಶಯರು, ತಮ್ಮ ಅಡಿಗೆಯವನು ಮಾರುಕಟ್ಟೆಯ ಲೆಕ್ಕದಲ್ಲಿ ನಾಲ್ಕು ಕಾಸು ಹೆಚ್ಚು ಬರೆದರೆ ಅದು ಹೀಗೇಕೆಂದು ಅದೇ ತಾಳ್ಮೆಯಿಂದ ಕೇಳಲಿಲ್ಲ. ಅವನ ತಿಂಗಳ ಸಂಬಳವೆಷ್ಟು, ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು ಎಂಬುದೂ ಒಂದು ಪ್ರಕೃತಿಶಾಸ್ತ್ರವೇ ತಾನೆ? ಅವರು ಕಾರವಾರದ ಕಾಡುಗಳಲ್ಲಿ ತಿರುಗಿದ ವರ್ಷಗಳಲ್ಲಿ ಉಪ್ಪಿನ ಮೇಲಿನ ಕರವು ಮಣಕ್ಕೆ 2 ರೂಪಾಯಿ 8 ಆಣೆಯಾಗಿತ್ತು. 1888ರಲ್ಲಿ 2 ರೂಪಾಯಿಯಿಂದ ಏರಿಸಿದುದು 1903ರವರೆಗೆ ಇಳಿಯಲಿಲ್ಲ. ಗಂಜಿಗೆ ಉಪ್ಪು ಹಾಕಿಕೊಂಡ ಕೂಲಿಯವನು ಐಟ್ಕನ್ನರ ಸಂಬಳಕ್ಕೂ, ಆ ಮೂಲಕ ಅವರ ಚಿಟ್ಟೆಯ ಬಲೆಗೂ ತನ್ನ ಪಾಲನ್ನು ಸಲ್ಲಿಸಿದ್ದಾನೆ. ಅದೇ ಜಿಲ್ಲೆಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಉಪ್ಪಿನ ಕಾನೂನನ್ನು ಮುರಿದರು.

ಆದರೂ ಅವರ ಕಣ್ಣು ಜನರ ಕಷ್ಟಕ್ಕೆ ನೇರವಾಗಿ ಉಪಯೋಗವಾದ ಒಂದು ಸಂದರ್ಭವನ್ನು ಮರೆಮಾಚಿದರೆ ನಾವು ಅನ್ಯಾಯ ಮಾಡಿದಂತಾಗುವುದು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸರು ಮಲೇರಿಯಾ ಜ್ವರದ ಅಂಶವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರಷ್ಟೆ. ಗೋವೆಯ ಗಡಿಯ ಚೌಕಿಗಳಲ್ಲಿ ಸಿಪಾಯಿಗಳು ಆ ಜ್ವರದಿಂದ ನರಳುತ್ತಿದ್ದರು. 1902ರಲ್ಲಿ ಸರ್ಕಾರವು ಅದರ ವಿಚಾರಣೆಗೂ ಸೊಳ್ಳೆಗಳ ನಿವಾರಣೆಗೂ ಐಟ್ಕನ್ನರನ್ನೇ ನೇಮಿಸಿತು. ಆ ಶೋಧನೆಯಲ್ಲಿ ಅದುವರೆಗೆ ಯಾರೂ ವರ್ಣಿಸದಿದ್ದ ಒಂದು ಅನಾಫಿಲಿಸ್ ಸೊಳ್ಳೆ ಅವರಿಗೆ ಸಿಕ್ಕಿತು; ಅದಕ್ಕೆ ಶಾಸ್ತ್ರಜ್ಞರು ಅವರ ಹೆಸರನ್ನೇ ಸೇರಿಸಿ ಅನಾಫಿಲಿಸ್ ಐಟ್ಕೆನಿಯೈ ಎಂದು ಕರೆದರು. ಬೇರೆ ಅಧಿಕಾರಿಗಳ ಹೆಸರು ಬೀದಿಗಳಿಗೂ ಮಾರುಕಟ್ಟೆಗಳಿಗೂ ಉಳಿದರೆ ಇವರ ಹೆಸರು ಸೊಳ್ಳೆಗೆ ಉಳಿಯಿತು. ಇದರಿಂದ ಅವರಿಗೆ ಸಂತೋಷವೇ ಆಗಿರಬೇಕೆಂದು ನಮ್ಮ ಊಹೆ.

1903ರಲ್ಲಿ ಕರಾಚಿಗೆ ಸುಂಕದ ಮುಖ್ಯಾಧಿಕಾರಿಯಾಗಿ ಹೋದರು. ಸಿಂಧ್ ಪ್ರಾಂತದ ಗೆಜೆಟಿಯರನ್ನು ಸಿದ್ಧಪಡಿಸಿ 1906ರಲ್ಲಿ ನಿವೃತ್ತರಾದರು. 1909ರ ಏಪ್ರಿಲ್ 11ರಂದು ಎಡಿನ್‌ಬರೋ ನಗರದಲ್ಲಿ ಕಾಲವಾದರು.

ಕಾರವಾರದ ಮೂವರಲ್ಲಿ ಬೆಲ್ ಮಹಾಶಯರು ನಿವೃತ್ತರಾದ ಮೇಲೆ ಆ ಊರನ್ನೇ ಮನೆ ಮಾಡಿಕೊಂಡರು. ಹುಳುಗಳನ್ನು ಸಾಕುವುದನ್ನು ಬಿಡಲಿಲ್ಲ. ಸ್ಕಾಟ್ ಎಂಬುವರೊಡನೆ ಪತಂಗಗಳ ಒಂದು ಕುಲವನ್ನು ಕುರಿತು ಬರೆದ ದೊಡ್ಡ ಸಂಪುಟವು 1937ರಲ್ಲಿ ಪ್ರಕಟವಾಯಿತು. 1948ರ ಜೂನ್‌ನಲ್ಲಿ ಅವರು ಕಾರವಾರದಲ್ಲಿಯೇ ತೀರಿಕೊಂಡಾಗ ದೇಶವು ಸ್ವತಂತ್ರವಾಗಿತ್ತು. ಉಪ್ಪಿನ ಮೇಲಿನ ಕರವನ್ನು ತೆಗೆದುಹಾಕಿ ಒಂದು ವರ್ಷವಾಗಿತ್ತು.