ನೇಪಥ್ಯದಿಂದ ರಂಗಕ್ಕೆ: ಎಡಿತ್ ಕ್ರೇಗ್ ಅವರ ಬದುಕು ಮತ್ತು ಕುಟುಂಬ

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ವೇಷಭೂಷಣಗಳನ್ನು ಆಹಾರ್ಯವೆಂದು ಹೆಸರಿಸಿ, ಅವುಗಳಿಗೆ ಅಭಿನಯದ ಸ್ಥಾನವನ್ನೇ ನೀಡಿದೆ. ಆಧುನಿಕ ರಂಗಚರಿತ್ರೆಯ ಬರವಣಿಗೆಯಲ್ಲಿ ಈ ಮನ್ನಣೆ ಉಳಿದುಬಂದಂತೆ ಕಾಣುವುದಿಲ್ಲ. ನಾಟಕಕಾರ, ನಿರ್ದೇಶಕ ಮತ್ತು ನಟರ ಸುತ್ತ ಕಟ್ಟಲಾದ ಚರಿತ್ರೆಯಲ್ಲಿ ಉಡುಪನ್ನು ಕತ್ತರಿಸಿ, ಬಣ್ಣಕ್ಕೆ ಅದ್ದಿ, ಹೊಲಿದುಕೊಟ್ಟವರು ನೇಪಥ್ಯದಲ್ಲಿಯೇ ಉಳಿದಿದ್ದಾರೆ. ರಂಗಸಿದ್ಧಾಂತಕಾರ ಎಡ್ವರ್ಡ್ ಗಾರ್ಡನ್ ಕ್ರೇಗ್ ಅವರ ಹೆಸರು ನಮ್ಮ ರಂಗಭೂಮಿಯ ಅಧ್ಯಯನಕಾರರಿಗೆ ಪರಿಚಿತ. ಅವರ ಅಕ್ಕ ಎಡಿತ್ ಕ್ರೇಗ್ ಅವರ ಹೆಸರು ಅಷ್ಟು ಪರಿಚಿತವಲ್ಲ. ಒಂದೇ ಮನೆಯಲ್ಲಿ ಬೆಳೆದ ಇಬ್ಬರ ನಡುವಿನ ಈ ಅಂತರವು ಪ್ರತಿಭೆಯ ಅಂತರವೋ, ಚರಿತ್ರೆಯ ಅಳತೆಗೋಲಿನ ದೋಷವೋ ಎಂಬ ಪ್ರಶ್ನೆ ಎಡಿತ್ ಅವರ ಬದುಕನ್ನು ಗಮನಿಸಿದಾಗ ಸಹಜವಾಗಿಯೇ ಎದುರಾಗುತ್ತದೆ.

ಎಡಿತ್ ಜನಿಸಿದ್ದು 1869ರ ಡಿಸೆಂಬರ್ 9ರಂದು, ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ. ತಾಯಿ ಎಲೆನ್ ಟೆರಿ ಸಂಚಾರಿ ನಟರ ಮನೆತನದವರು. ಅವರ ಒಡಹುಟ್ಟಿದವರಲ್ಲಿ ಕೇಟ್, ಮೇರಿಯನ್ ಮತ್ತು ಫ್ರೆಡ್ ಕೂಡ ರಂಗದ ಮೇಲೆ ಹೆಸರು ಮಾಡಿದವರು. ತಂದೆ ಎಡ್ವರ್ಡ್ ವಿಲಿಯಂ ಗಾಡ್ವಿನ್ ವಾಸ್ತುಶಿಲ್ಪಿ. ಷೇಕ್ಸ್‌ಪಿಯರನ ನಾಟಕಗಳ ಕಟ್ಟಡ ಮತ್ತು ಉಡುಪುಗಳು ಆಯಾ ಕಾಲಕ್ಕೆ ಹೇಗೆ ಇದ್ದಿರಬಹುದೆಂದು ಶೋಧಿಸಿ ಬರೆದ ವಿದ್ವಾಂಸರು. ಚಿತ್ರಕಾರ ಜಿ. ಎಫ್. ವಾಟ್ಸ್ ಅವರೊಡನೆ 1864ರಲ್ಲಿ ನಡೆದಿದ್ದ ಎಲೆನ್ ಅವರ ವಿವಾಹ ಬಹುಬೇಗ ಮುರಿದುಬಿದ್ದಿದ್ದರೂ ವಿಚ್ಛೇದನ ದೊರೆತದ್ದು 1877ರಲ್ಲಿ. ಹೀಗಾಗಿ ಎಡಿತ್ ಮತ್ತು 1872ರಲ್ಲಿ ಜನಿಸಿದ ತಮ್ಮ, ವಿಕ್ಟೋರಿಯಾ ಕಾಲದ ಸಮಾಜದ ದೃಷ್ಟಿಯಲ್ಲಿ, ತಂದೆಯ ಹೆಸರನ್ನು ಹೊರಲಾಗದ ಮಕ್ಕಳಾದರು. ತಾಯಿಯ ಮುಂದಿನ ವಿವಾಹದಿಂದ ಬಂದ ವಾರ್ಡೆಲ್ ಎಂಬ ಹೆಸರು ಕೆಲಕಾಲ ಬಳಕೆಯಲ್ಲಿದ್ದು, ಕೊನೆಗೆ ಸ್ಕಾಟ್ಲೆಂಡಿನ ಕಡಲ ನಡುವಿನ ಐಲ್ಸಾ ಕ್ರೇಗ್ ಎಂಬ ಬಂಡೆದ್ವೀಪದಿಂದ ಪಡೆದ ಹೆಸರೇ ಅವರಿಗೆ ಸ್ಥಿರವಾಯಿತು. ಎಡಿತ್ ಅವರ ಪಾಲಿಗೆ ಹೆಸರೂ ಉಡುಪಿನಂತೆ ಆಯ್ದು ತೊಟ್ಟ ವಸ್ತುವೇ ಆಗಿತ್ತು.

ಗಾಡ್ವಿನ್ ಅವರಿಗೆ ಜಪಾನೀ ಕಲೆಯಲ್ಲಿ ಅಪಾರ ಒಲವಿತ್ತು. ಆ ಮನೆಯಲ್ಲಿ ಮಗಳಿಗೆ ತೊಡಿಸುತ್ತಿದ್ದುದು ಕಿಮೋನೊ. 1875ರಲ್ಲಿ ಎಲೆನ್ ಪೋರ್ಷಿಯಾ ಪಾತ್ರ ವಹಿಸಿದ ವೆನಿಸಿನ ವ್ಯಾಪಾರಿ ನಾಟಕದ ರಂಗವಿನ್ಯಾಸಕ್ಕೆ ಗಾಡ್ವಿನ್ ಸಲಹೆಗಾರರಾಗಿದ್ದರು. ದಂಪತಿ ಬೇರೆಯಾದದ್ದೂ ಅದೇ ವರ್ಷದಲ್ಲಿ. ತಂದೆ ದೂರವಾದರೂ ಉಡುಪೆಂಬುದು ಶೋಧನೆಗೆ ತಕ್ಕ ವಿಷಯವೆಂಬ ಅವರ ನಂಬಿಕೆ ಮಗಳಲ್ಲಿ ಉಳಿಯಿತು.

ಎಡಿತ್ ಮೊದಲು ಬಯಸಿದ್ದು ಸಂಗೀತವನ್ನು. ಬರ್ಲಿನ್ನಿನಲ್ಲಿ ಪಿಯಾನೊ ಅಭ್ಯಾಸ ಮಾಡಿದರಾದರೂ ಕೀಲುವಾತವು ಬೆರಳುಗಳನ್ನು ಬಾಧಿಸಿದ್ದರಿಂದ ಆ ದಾರಿ ಮುಚ್ಚಿತು. ಬಳಿಕ ಹೆನ್ರಿ ಇರ್ವಿಂಗ್ ಅವರ ಲೈಸಿಯಂ ಕಂಪನಿಯಲ್ಲಿ ಐಲ್ಸಾ ಕ್ರೇಗ್ ಎಂಬ ರಂಗನಾಮದಿಂದ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದರು. 1899ರಲ್ಲಿ ಸಾರ್ದು ಅವರ ರೋಬೆಸ್ಪಿಯರ್ ನಾಟಕದ ಉಡುಪುಗಳ ಹೊಣೆ ಅವರಿಗೆ ದೊರೆಯಿತು. ಫ್ರೆಂಚ್ ಕ್ರಾಂತಿಯ ಕಾಲದ ಜನಸಮೂಹಗಳಿಂದ ತುಂಬಿದ ನಾಟಕವದು. ಈ ಅನುಭವದ ಬೆನ್ನಲ್ಲೇ ಲಂಡನ್ನಿನ ಕೋವೆಂಟ್ ಗಾರ್ಡನ್ ಪ್ರದೇಶದಲ್ಲಿ ಅವರು ತಮ್ಮದೇ ಉಡುಪು ತಯಾರಿಕೆಯ ಸಂಸ್ಥೆಯನ್ನು ತೆರೆದರು. 1903ರಲ್ಲಿ ಎಲೆನ್ ಟೆರಿ ಇಂಪೀರಿಯಲ್ ರಂಗಮಂದಿರವನ್ನು ಹಿಡಿದು ಇಬ್ಸನ್ನನ ವೈಕಿಂಗರ ನಾಟಕವನ್ನು ಆಡಿಸಿದಾಗ ತಾಯಿ ನಟಿ, ಮಗ ನಿರ್ದೇಶಕ, ಮಗಳು ಉಡುಪಿನ ಹೊಣೆಗಾರ್ತಿ. ಪ್ರಯೋಗ ನಷ್ಟದಲ್ಲಿ ಮುಗಿಯಿತು; ಎಡಿತ್ ಅವರ ಸಂಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಮರುವರ್ಷ ಗಾರ್ಡನ್ ಇಂಗ್ಲೆಂಡನ್ನು ತೊರೆದು ಗ್ರಂಥ ಮತ್ತು ರೇಖಾಚಿತ್ರಗಳ ಮೂಲಕ ಯುರೋಪಿನಲ್ಲಿ ಹೆಸರಾದರು. ಎಡಿತ್ ತಾಯಿಯ ಬಳಿಯೇ ಉಳಿದು, 1907ರ ಅಮೆರಿಕಾ ಪ್ರವಾಸದಲ್ಲಿ ರಂಗವ್ಯವಸ್ಥೆಯನ್ನು ನೋಡಿಕೊಂಡರು.

ಎಡಿತ್ ಅವರ ಕಲೆ ಸ್ವತಂತ್ರ ಅರ್ಥವನ್ನು ಪಡೆದದ್ದು ಮಹಿಳಾ ಮತದಾನದ ಚಳವಳಿಯಲ್ಲಿ. ಸಿಸಿಲಿ ಹ್ಯಾಮಿಲ್ಟನ್ ರಚಿಸಿದ ಮಹಾಮಹಿಳೆಯರ ಮೆರವಣಿಗೆಯ ನಾಟಕವನ್ನು ಅವರು 1909ರ ನವೆಂಬರಿನಲ್ಲಿ ಲಂಡನ್ನಿನ ಸ್ಕಾಲಾ ರಂಗಮಂದಿರದಲ್ಲಿ ನಿರ್ದೇಶಿಸಿದರು. ಹೆಣ್ಣು ಅಸಮರ್ಥಳೆಂದು ವಾದಿಸುವ ಪೂರ್ವಗ್ರಹವೆಂಬ ಪಾತ್ರಕ್ಕೆ ಉತ್ತರವಾಗಿ ವಿದುಷಿಯರು, ಕಲಾವಿದೆಯರು, ಸಂತರು, ರಾಣಿಯರು, ವೀರವನಿತೆಯರು ಸಾಲಾಗಿ ರಂಗಕ್ಕೆ ಬರುತ್ತಾರೆ. ಇವರಲ್ಲಿ ಬಹುತೇಕರಿಗೆ ಮಾತಿಲ್ಲ. ಯಾರು ಯಾರೆಂಬುದನ್ನು ಕಣ್ಣಿಗೆ ಕಾಣಿಸಬೇಕಾದದ್ದು ತೊಟ್ಟ ಉಡುಪು. ವೀರವನಿತೆಯರ ಸಾಲಿನಲ್ಲಿ ಜೋನ್ ಆಫ್ ಆರ್ಕ್ ಅವಳೊಂದಿಗೆ ಝಾನ್ಸಿಯ ರಾಣಿಯೂ ಇದ್ದಳು. 1857ರ ಹೋರಾಟ ಮುಗಿದು ಐದು ದಶಕಗಳಷ್ಟೇ ಕಳೆದಿದ್ದಾಗ, ಸಾಮ್ರಾಜ್ಯದ ರಾಜಧಾನಿಯ ರಂಗದ ಮೇಲೆ ಆಕೆಯನ್ನು ಗೌರವದಿಂದ ನಿಲ್ಲಿಸಿದ್ದು ಗಮನಾರ್ಹ. ಬಳಿಕ ನಾಟಕ ಬ್ರಿಟನ್ನಿನ ಹಲವು ಊರುಗಳಲ್ಲಿ ಪ್ರದರ್ಶಿತವಾಯಿತು. ಸ್ಥಳೀಯ ಮಹಿಳೆಯರೇ ಪಾತ್ರಧಾರಿಗಳಾದರು. ಹಿಂದೆ ತಾರೆಯೊಬ್ಬರ ಸೊಬಗಿಗೆ ಸಲ್ಲುತ್ತಿದ್ದ ಕುಶಲತೆ ಇಲ್ಲಿ ಸಾಮಾನ್ಯ ಹೆಂಗಸರಿಗೆ ಚರಿತ್ರೆಯನ್ನು ತೊಡಿಸುವ ಕಾರ್ಯವಾಯಿತು.

1911ರಲ್ಲಿ ಎಡಿತ್ ಸ್ಥಾಪಿಸಿದ ಪಯೋನಿಯರ್ ಪ್ಲೇಯರ್ಸ್ ಸಂಘಕ್ಕೆ ಎಲೆನ್ ಟೆರಿಯೇ ಅಧ್ಯಕ್ಷರು. ಮಹಿಳೆಯರ ಬದುಕಿನ ನಾಟಕಗಳನ್ನೂ ರಷ್ಯದ ಎವ್ರೇನೊವ್ ಮೊದಲಾದವರ ಅನುವಾದಿತ ಕೃತಿಗಳನ್ನೂ ಸಂಘ ಪ್ರಯೋಗಿಸಿತು. ಈ ದುಡಿಮೆಗೆ ಆಸರೆಯಾಗಿದ್ದುದು ಎಡಿತ್ ತಾವೇ ಕಟ್ಟಿಕೊಂಡ ಎರಡನೆಯ ಕುಟುಂಬ. 1899ರಿಂದ ಲೇಖಕಿ ಕ್ರಿಸ್ಟೋಫರ್ ಸೇಂಟ್ ಜಾನ್, 1916ರಿಂದ ಚಿತ್ರಕಲಾವಿದೆ ಕ್ಲೇರ್ ಅಟ್ವುಡ್ ಅವರೊಡನೆ ಬಾಳಿದರು. ಹುಟ್ಟಿನಿಂದ ಬಂದ ಕುಟುಂಬ ಅವರಿಗೆ ಕಲೆಯನ್ನೂ ನೆರಳನ್ನೂ ಒಟ್ಟಿಗೆ ಕೊಟ್ಟಿತ್ತು. ಆಯ್ದುಕೊಂಡ ಕುಟುಂಬ ಸಮಾನರ ಒಡನಾಟವನ್ನು ಕೊಟ್ಟಿತು.

1928ರ ಜುಲೈನಲ್ಲಿ ಎಲೆನ್ ಟೆರಿ ತೀರಿಕೊಂಡರು. ಕೆಂಟ್ ಪ್ರಾಂತದ ಸ್ಮಾಲ್‌ಹೈತ್‌ನಲ್ಲಿದ್ದ ತಾಯಿಯ ಮನೆಯನ್ನು ಎಡಿತ್ ಸ್ಮಾರಕವಾಗಿಸಿ, ಪಕ್ಕದ ಕಣಜವನ್ನು ರಂಗಮಂದಿರವಾಗಿ ಮಾರ್ಪಡಿಸಿದರು. ಪ್ರತಿವರ್ಷ ತಾಯಿಯ ನೆನಪಿನ ಪ್ರದರ್ಶನಗಳು ಅಲ್ಲಿ ನಡೆದವು. 1939ರಲ್ಲಿ ಮನೆಯನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿ, 1947ರ ಮಾರ್ಚ್ 27ರಂದು ಅಲ್ಲಿಯೇ ನಿಧನರಾದರು.

ಗಾರ್ಡನ್ ಅವರ ಕನಸುಗಳು ಕಾಗದದಲ್ಲಿ ಉಳಿದವು. ಕಾಗದವನ್ನು ಓದಿ ಬೆಳೆದ ರಂಗಚರಿತ್ರೆ ಅವರನ್ನು ಗುರುತಿಸಿತು. ಎಡಿತ್ ದುಡಿದದ್ದು ಬೆವರು, ಧೂಳು, ಪ್ರವಾಸಗಳಲ್ಲಿ ಸವೆದುಹೋಗುವ ಬಟ್ಟೆಯಲ್ಲಿ. ಆದರೂ 1888ರಲ್ಲಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ, ಜೀರುಂಡೆ ರೆಕ್ಕೆಗಳನ್ನು ಕೂರಿಸಿದ ಹಸಿರು ನಿಲುವಂಗಿ 2011ರಲ್ಲಿ ದುರಸ್ತಿಗೊಂಡು ಸ್ಮಾಲ್‌ಹೈತ್‌ಗೆ ಮರಳಿತು. ಅದರ ವಿನ್ಯಾಸ ಆಲಿಸ್ ಕಾಮಿನ್ಸ್ ಕಾರ್ ಅವರದು, ಹೊಲಿಗೆ ಎಡಾ ನೆಟ್ಲ್‌ಶಿಪ್ ಅವರದು. ಅಂಥ ಉಡುಪುಗಳಿಗೆ ಒಂದು ಮನೆಯನ್ನು ಉಳಿಸಿಕೊಟ್ಟವರು ಎಡಿತ್. ಉಡುಪೂ ಓದಬೇಕಾದ ದಾಖಲೆಯೆಂಬುದನ್ನು ಅವರು ತಮ್ಮ ಬದುಕಿನಿಂದಲೇ ಸ್ಥಾಪಿಸಿದರು. ರಂಗಚರಿತ್ರೆ ಆ ದಾಖಲೆಯತ್ತ ತಿರುಗಿದಾಗ ಮಾತ್ರ ಆಹಾರ್ಯಕ್ಕೆ ಭರತ ನೀಡಿದ್ದ ಸ್ಥಾನ ಮತ್ತೆ ಅರ್ಥಪೂರ್ಣವಾಗುತ್ತದೆ.