ಗಣಿತದಿಂದ ತತ್ತ್ವಜ್ಞಾನದ ಪೀಠಕ್ಕೆ: ಜಮಖಂಡಿಯ ರಾನಡೆಯವರು ನಡೆದ ದಾರಿ

ಗುರುದೇವ ರಾನಡೆ ಎಂದೊಡನೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಜನರಿಗೆ ನೆನಪಾಗುವುದು ನಿಂಬಾಳದ ಆಶ್ರಮ, ನಾಮಸ್ಮರಣೆ ಮತ್ತು ಇಂಚಗೇರಿ ಪರಂಪರೆ. ಅವರು ಮೊದಲು ಗಣಿತದ ವಿದ್ಯಾರ್ಥಿಯಾಗಿದ್ದರು. ಕಾಲೇಜಿನಲ್ಲಿ ಖಾಯಂ ಅಧ್ಯಾಪಕರಾಗುವ ಮುನ್ನ ಚಿಕ್ಕಪುಟ್ಟ ಕೆಲಸಗಳಲ್ಲಿ ವರ್ಷಗಳನ್ನು ಕಳೆದಿದ್ದರು. ಗಣಿತ ಅಥವಾ ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು ಉಪನ್ಯಾಸಕ ಹುದ್ದೆಯ ಹಾದಿ ಕಾಯುತ್ತಿರುವ ನಮ್ಮ ತರುಣರು ಅವರ ಬದುಕಿನ ಈ ಭಾಗವನ್ನೂ ಅರಿಯುವುದು ಒಳಿತು.

ರಾಮಚಂದ್ರ ದತ್ತಾತ್ರೇಯ ರಾನಡೆಯವರು ಜನಿಸಿದ್ದು 1886ರ ಜುಲೈ 3ರಂದು, ಜಮಖಂಡಿಯಲ್ಲಿ. ಆಗ ಅದು ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿ. ಊರಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, 1902ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗಳಿಸಿದರು. ಅದಕ್ಕೂ ಮೊದಲೇ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದಿದ್ದರು.

ಮುಂದೆ ಪುಣೆಯ ಡೆಕ್ಕನ್ ಕಾಲೇಜು ಸೇರಿ ಗಣಿತವನ್ನು ಆರಿಸಿಕೊಂಡರು. ಪದವಿಯ ನಂತರ ಅದೇ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆದರು. ಪೇಶ್ವೆಯರ ಕಾಲದ ದಕ್ಷಿಣೆಯ ನಿಧಿಯಿಂದ ರೂಪುಗೊಂಡ ಈ ವೇತನ ಪಡೆದವರು ಕಿರಿಯರಿಗೆ ಪಾಠ ಹೇಳುತ್ತ ತಮ್ಮ ಎಂ.ಎ. ಓದನ್ನು ಮುಂದುವರಿಸುತ್ತಿದ್ದರು. ಇಂದಿನ ಸಂಶೋಧನಾ ಫೆಲೋಶಿಪ್‌ಗೆ ಅದನ್ನು ಹೋಲಿಸಬಹುದು.

ಅಷ್ಟರಲ್ಲಿ ಕಾಯಿಲೆ ಅವರನ್ನು ಹಾಸಿಗೆಗೆ ತಳ್ಳಿತು. ಜೀವವೇ ಉಳಿಯುವುದು ಕಷ್ಟವೆಂಬ ಸ್ಥಿತಿ ಬಂದಿತ್ತು. ಅದರಿಂದ ಎದ್ದವರು ಗಣಿತದಿಂದ ತತ್ತ್ವಜ್ಞಾನದ ಕಡೆಗೆ ಹೊರಳಿದರು. ಓದಿದ ವಿಷಯವನ್ನು ನಡುವೆ ಬದಲಿಸುವುದು ಉದ್ಯೋಗದ ದೃಷ್ಟಿಯಿಂದ ಅಂದೂ ಸುಲಭದ ಮಾತಾಗಿರಲಿಲ್ಲ. ಕೆಲಕಾಲ ಡೆಕ್ಕನ್ ಕಾಲೇಜಿನ ಹಸ್ತಪ್ರತಿ ವಿಭಾಗವನ್ನು ನೋಡಿಕೊಂಡರು. 1914ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಕುಲಪತಿಗಳ ಚಿನ್ನದ ಪದಕ ಪಡೆದು, ಅದೇ ವರ್ಷ ಫರ್ಗುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮೆಟ್ರಿಕ್ ಮುಗಿದು ಅಂದಿಗೆ ಹನ್ನೆರಡು ವರ್ಷಗಳಾಗಿದ್ದವು.

ಫರ್ಗುಸನ್ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪ ವೇತನಕ್ಕೆ ಇಪ್ಪತ್ತು ವರ್ಷ ದುಡಿಯಲು ಒಪ್ಪಬೇಕಿತ್ತು. ರಾನಡೆಯವರೂ ಆಜೀವ ಸದಸ್ಯರಾದರು. ಪಾಠದ ಹೊರೆಯ ನಡುವೆಯೂ ಗ್ರೀಕ್ ತತ್ತ್ವಜ್ಞಾನಿಗಳ ಕುರಿತು ಪ್ರಬಂಧಗಳನ್ನು ಬರೆದರು. ಮುಂದೆ ಆ ಸೇವೆಯಿಂದ ಹೊರಬಂದು ನಿಂಬಾಳದಲ್ಲಿ ನೆಲೆಸಿದರು. 1924ರಲ್ಲಿ ತತ್ತ್ವಜ್ಞಾನ ಮತ್ತು ಧರ್ಮದ ಅಧ್ಯಯನಕ್ಕೆ ಅಕಾಡೆಮಿಯೊಂದನ್ನು ಸ್ಥಾಪಿಸಿದರು. ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಪ್ರಕಟವಾಯಿತು.

ಆ ಗ್ರಂಥ ವಿದ್ವಾಂಸರ ಗಮನ ಸೆಳೆಯಿತು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಗಂಗಾನಾಥ ಝಾ ಅವರು ರಾನಡೆಯವರನ್ನು ತಮ್ಮಲ್ಲಿಗೆ ಆಹ್ವಾನಿಸಿದರು. ಅಲ್ಲಿ ತತ್ತ್ವಜ್ಞಾನ ವಿಭಾಗದ ಮುಖ್ಯಸ್ಥರಾಗಿ, ಕೆಲಕಾಲ ಕುಲಪತಿಯೂ ಆಗಿ 1946ರಲ್ಲಿ ನಿವೃತ್ತರಾದರು. 1957ರ ಜೂನ್ 6ರಂದು ನಿಂಬಾಳದಲ್ಲಿ ದೇಹವಿಟ್ಟರು.

ರಾನಡೆಯವರು ಓದುತ್ತಿದ್ದ ಕಾಲಕ್ಕೆ ಭಾರತದಲ್ಲಿ ಸಂಖ್ಯಾಶಾಸ್ತ್ರ ಪ್ರತ್ಯೇಕ ಪದವಿಯ ವಿಷಯವಾಗಿರಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಅದರ ಎಂ.ಎ. ಆರಂಭವಾದದ್ದು 1941ರಲ್ಲಿ. ಅದರ ಮೊದಲ ತಂಡದಲ್ಲಿದ್ದವರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಅವರು ಸೇನಾ ಸರ್ವೇಕ್ಷಣಾ ಘಟಕದ ನೌಕರಿಗಾಗಿ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋಗಿದ್ದರು. ಆ ಕೆಲಸ ಸಿಗಲಿಲ್ಲ. ಆಗ ಅಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿಗೆ ಸೇರಿದರು. ಮುಂದೆ ಜಗತ್ಪ್ರಸಿದ್ಧರಾಗಿ 2023ರಲ್ಲಿ ತೀರಿಕೊಂಡರು. ಇಬ್ಬರ ವಿಷಯ ಬೇರೆ, ಕಾಲ ಬೇರೆ. ಆದರೆ ಕಿರಿದಾದ ಸ್ಥಾನವನ್ನೂ ಇಬ್ಬರೂ ಕಡೆಗಣಿಸಲಿಲ್ಲ. ಅಲ್ಲಿಯೇ ಓದನ್ನು ಬೆಳೆಸಿದರು.

ಇಂದು ಸಂಖ್ಯಾಶಾಸ್ತ್ರ ಓದಿದವರು ಸಿಎಸ್‌ಐಆರ್ ನೆಟ್ ಪರೀಕ್ಷೆಗೆ ಗಣಿತ ವಿಜ್ಞಾನದ ಪತ್ರಿಕೆಯನ್ನೇ ಬರೆಯಬೇಕು. ಅದರಲ್ಲಿ ತೇರ್ಗಡೆಯಾದರೂ ಹುದ್ದೆ ಕೈಗೆ ಬರುವವರೆಗೆ ಅತಿಥಿ ಉಪನ್ಯಾಸಕರಾಗಿಯೋ ಯೋಜನಾ ಸಹಾಯಕರಾಗಿಯೋ ದುಡಿಯುವವರು ಅನೇಕರು. ಮನೆಯ ಹೊಣೆ ಹೊತ್ತವರಿಗೆ ಆ ಕಾಯುವಿಕೆ ಹಗುರವಲ್ಲ. ರಾನಡೆಯವರ ಜೀವನ ಅವರಿಗೆ ನೌಕರಿಯ ಭರವಸೆ ಕೊಡಲಾರದು. ಆದರೆ ಫೆಲೋಶಿಪ್ಪಿನ, ಹಸ್ತಪ್ರತಿ ಕೋಣೆಯ ವರ್ಷಗಳು ಅವರಿಗೆ ವ್ಯರ್ಥವಾಗಲಿಲ್ಲ ಎಂಬುದನ್ನು ನೆನಪಿಸಬಲ್ಲದು. ಅಲಹಾಬಾದಿನ ಪೀಠ ಅವರನ್ನು ಕರೆದದ್ದು ಪದವಿಪತ್ರವನ್ನಷ್ಟೇ ನೋಡಿ ಅಲ್ಲ, ಬರೆದ ಗ್ರಂಥವನ್ನೂ ನೋಡಿ.